ಹೊಸ ಕಂಪ್ಯೂಟರ್ ಖರೀದಿಗೆ ಮೊದಲು ಪರದೆಯ ಲೆಕ್ಕ

ಬೇಸಿಗೆ ರಜೆ ಆರಂಭವಾಗುವ ಏಪ್ರಿಲ್ ತಿಂಗಳಿನಲ್ಲಿ ವರ್ತಕರ ಮನೆಗಳಲ್ಲಿ ಒಂದು ಬೇಡಿಕೆ ತಪ್ಪದೆ ಮಂಡನೆಯಾಗುತ್ತದೆ. ಬಿಲ್ಲಿಂಗ್ ಹಾಗೂ ಲೆಕ್ಕಪತ್ರಕ್ಕೆಂದು ನಾಲ್ಕಾರು ವರ್ಷಗಳ ಹಿಂದೆ ಕೊಂಡ ಕಂಪ್ಯೂಟರಿನಲ್ಲಿ ಮಕ್ಕಳ ಆಟ ತಡವರಿಸುತ್ತದೆ. ಆದುದರಿಂದ ಹೊಸದು ಬೇಕು. ಮಾರಾಟಗಾರರಲ್ಲಿ ವಿಚಾರಿಸಿದರೆ ಒಂದು ಗ್ರಾಫಿಕ್ಸ್ ಕಾರ್ಡ್ ಸಾಕೆಂಬ ಉತ್ತರ ಬರುತ್ತದೆ. ಅದಕ್ಕೆ ಹಳೆಯ ಪವರ್ ಸಪ್ಲೈ ಸಾಲದೆಂದು ಆಮೇಲೆ ತಿಳಿಯುತ್ತದೆ. ಅದನ್ನೂ ಬದಲಿಸಲು ಹೊರಟಾಗ ಕ್ಯಾಬಿನೆಟ್ಟಿನಲ್ಲಿ ಸ್ಥಳವಿಲ್ಲವೆಂಬುದು ಗೊತ್ತಾಗುತ್ತದೆ. ಹೀಗೆ ಒಂದು ಬಿಡಿಭಾಗದ ದರಪಟ್ಟಿ ಇಡೀ ಯಂತ್ರದ ದರಪಟ್ಟಿಯಾಗಿ ಬೆಳೆಯುವುದು ಅಪರೂಪವೇನಲ್ಲ. ಹತ್ತು ಯಂತ್ರಗಳನ್ನಿಟ್ಟು ಗೇಮಿಂಗ್ ಸೆಂಟರ್ ನಡೆಸುವ ಸಣ್ಣ ಉದ್ಯಮಿಗೆ ಇದೇ ಪ್ರಶ್ನೆ ಹತ್ತು ಪಟ್ಟು ದೊಡ್ಡದು. ಈ ಹಂತದಲ್ಲಿ ಲೆಕ್ಕಪರಿಶೋಧಕರ ಮುಂದೆ ಬರುವ ವಿಚಾರಣೆ ಸಾಮಾನ್ಯವಾಗಿ ಒಂದೇ: ಈ ಬಿಲ್ಲನ್ನು ಸಂಸ್ಥೆಯ ಖಾತೆಗೆ ಹಾಕಬಹುದೇ? ಆದರೆ ಅದಕ್ಕೂ ಮೊದಲು ಕೇಳಬೇಕಾದುದು ಬೇರೊಂದಿದೆ. ಆಟದ ಸೆಟ್ಟಿಂಗ್ಸ್ ಪುಟವನ್ನು ಮನೆಯಲ್ಲಿ ಯಾರಾದರೂ ತೆರೆದು ನೋಡಿದ್ದಾರೆಯೇ?

ಆ ಪುಟದಲ್ಲಿ ರೆಸಲ್ಯೂಷನ್ ಎಂಬ ಒಂದು ಸಾಲು ಇರುತ್ತದೆ. ಪರದೆಯ ಮೇಲಿನ ಚಿತ್ರವು ಎಷ್ಟು ಚುಕ್ಕೆಗಳಿಂದ, ಅಂದರೆ ಪಿಕ್ಸೆಲ್‌ಗಳಿಂದ, ರಚಿತವಾಗಬೇಕೆಂಬುದನ್ನು ಅದು ನಿರ್ಧರಿಸುತ್ತದೆ. ಈಗ ಸಾಮಾನ್ಯವಾಗಿರುವ 1920×1080 ಅಳತೆಯಲ್ಲಿ ಒಂದು ಚಿತ್ರಕ್ಕೆ 20,73,600 ಚುಕ್ಕೆಗಳು. ಆಟವು ನಯವಾಗಿ ಸಾಗಬೇಕಾದರೆ ಸೆಕೆಂಡಿಗೆ 60 ಚಿತ್ರಗಳು ಬೇಕೆಂದು ಇಟ್ಟುಕೊಂಡರೆ, ಪ್ರತಿ ಸೆಕೆಂಡಿಗೂ 12 ಕೋಟಿ 44 ಲಕ್ಷ ಚುಕ್ಕೆಗಳ ಬಣ್ಣವನ್ನು ಯಂತ್ರವು ಲೆಕ್ಕ ಹಾಕಬೇಕಾಗುತ್ತದೆ. ಅಳತೆಯನ್ನು 1600×900ಕ್ಕೆ ಇಳಿಸಿದರೆ ಚುಕ್ಕೆಗಳು 14,40,000. ಮೊದಲಿನ ಶೇಕಡಾ 69ರಷ್ಟು. 1280×720ಕ್ಕೆ ಇಳಿಸಿದರೆ 9,21,600, ಶೇಕಡಾ 44ರಷ್ಟು. ಉದ್ದ ಅಗಲಗಳೆರಡೂ ಮೂರನೆಯ ಒಂದರಷ್ಟು ಮಾತ್ರ ಕುಗ್ಗಿದರೂ ಕೆಲಸದ ಹೊರೆ ಅರ್ಧಕ್ಕಿಂತ ಹೆಚ್ಚು ಇಳಿದಿರುವುದನ್ನು ಗಮನಿಸಬೇಕು. ಇದಕ್ಕೆ ತಗಲುವ ಖರ್ಚು ಸೊನ್ನೆ.

ಹೀಗೆ ಇಳಿಸಿಕೊಳ್ಳುವುದನ್ನು ಬಡವರ ಉಪಾಯವೆಂದು ಮಕ್ಕಳು ಮೂಗು ಮುರಿಯುವುದುಂಟು. ಆದರೆ ದೊಡ್ಡ ಕಂಪನಿಗಳು ಮಾಡಿದ್ದೂ ಇದನ್ನೇ. ನಿಂಟೆಂಡೊ ಸಂಸ್ಥೆಯು 2017ರಲ್ಲಿ ಬಿಡುಗಡೆ ಮಾಡಿದ ಸ್ವಿಚ್ ಎಂಬ ಕೈಯಾಟದ ಯಂತ್ರದ ಪರದೆ 1280×720ರದು. ಅದು 15 ಕೋಟಿಗೂ ಹೆಚ್ಚು ಮಾರಾಟವಾಯಿತು. ವಾಲ್ವ್ ಸಂಸ್ಥೆಯ ಸ್ಟೀಮ್ ಡೆಕ್ 2022ರಲ್ಲಿ 1280×800ರ ಪರದೆಯೊಂದಿಗೆ ಬಂದಿತು. ದೊಡ್ಡ ಕಂಪ್ಯೂಟರುಗಳಿಗಾಗಿ ರಚಿತವಾದ ಆಟಗಳನ್ನು ಸಾಧಾರಣ ಚಿಪ್ಪಿನಲ್ಲಿ ಆಡಿಸಲು ಸಾಧ್ಯವಾದುದಕ್ಕೆ ಆ ಚಿಕ್ಕ ಅಳತೆಯೂ ಒಂದು ಮುಖ್ಯ ಕಾರಣ. 2013ರಲ್ಲಿ ಬ್ಯಾಟಲ್‌ಫೀಲ್ಡ್ 4 ಎಂಬ ಆಟವು ಸೋನಿಯವರ ಪ್ಲೇಸ್ಟೇಷನ್ 4ರಲ್ಲಿ 900 ಸಾಲುಗಳ ಅಳತೆಯಲ್ಲಿಯೂ, ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಒನ್‌ನಲ್ಲಿ 720 ಸಾಲುಗಳ ಅಳತೆಯಲ್ಲಿಯೂ ಓಡಿತು. ಎರಡೂ ಆಗ ತಾನೇ ಮಾರುಕಟ್ಟೆಗೆ ಬಂದಿದ್ದ ಹೊಚ್ಚ ಹೊಸ ಯಂತ್ರಗಳು.

ಯಾವ ವಿಭಾಗ ನಿಧಾನ?

ರೆಸಲ್ಯೂಷನ್ ಇಳಿಸಿದರೆ ಎಲ್ಲ ರೋಗವೂ ವಾಸಿಯಾಗುತ್ತದೆಂದು ಹೇಳಲಾಗದು. ಇಲ್ಲಿ ಉತ್ಪಾದಕರಿಗೆ ಚೆನ್ನಾಗಿ ಪರಿಚಿತವಾದ ಒಂದು ತತ್ತ್ವವಿದೆ. ಯಂತ್ರವಿಭಾಗ ಮತ್ತು ಪ್ಯಾಕಿಂಗ್ ವಿಭಾಗ ಎರಡೂ ಏಕಕಾಲದಲ್ಲಿ ಕೆಲಸ ಮಾಡುವ ಕಾರ್ಖಾನೆಯಲ್ಲಿ ದಿನದ ಉತ್ಪಾದನೆಯನ್ನು ನಿರ್ಧರಿಸುವುದು ಅವೆರಡರಲ್ಲಿ ನಿಧಾನವಾದ ವಿಭಾಗ. ಕಂಪ್ಯೂಟರಿನಲ್ಲಿಯೂ ಅಂತಹುದೇ ಎರಡು ವಿಭಾಗಗಳಿವೆ. ಆಟದ ನಿಯಮ, ಪಾತ್ರಗಳ ಚಲನೆ, ಡಿಕ್ಕಿ, ಎದುರಾಳಿಯ ಬುದ್ಧಿ ಇವನ್ನೆಲ್ಲ ನೋಡಿಕೊಳ್ಳುವುದು ಪ್ರೊಸೆಸರ್. ಚುಕ್ಕೆಗಳಿಗೆ ಬಣ್ಣ ಹಚ್ಚುವುದು ಗ್ರಾಫಿಕ್ಸ್ ಚಿಪ್. ರೆಸಲ್ಯೂಷನ್ ಕಡಿಮೆ ಮಾಡಿದಾಗ ಹಗುರವಾಗುವುದು ಎರಡನೆಯದು ಮಾತ್ರ. ಹತ್ತು ಚುಕ್ಕೆಯಿರಲಿ, ಹತ್ತು ಲಕ್ಷವಿರಲಿ, ಪ್ರೊಸೆಸರಿನ ಕೆಲಸ ಬಹುಮಟ್ಟಿಗೆ ಅಷ್ಟೇ.

ಒಂದು ಉದಾಹರಣೆಯ ಲೆಕ್ಕ ನೋಡಬಹುದು. ಒಂದು ಚಿತ್ರಕ್ಕೆ ಗ್ರಾಫಿಕ್ಸ್ ಚಿಪ್ 40 ಮಿಲಿಸೆಕೆಂಡ್, ಪ್ರೊಸೆಸರ್ 15 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತಿದ್ದರೆ ಸೆಕೆಂಡಿಗೆ 25 ಚಿತ್ರಗಳು ಸಿಗುತ್ತವೆ. 1280×720ಕ್ಕೆ ಇಳಿಸಿದಾಗ ಚಿಪ್ಪಿನ ಸಮಯ 20 ಮಿಲಿಸೆಕೆಂಡಿಗೆ ಬಂದರೆ ಚಿತ್ರಗಳು 50 ಆಗುತ್ತವೆ. ಖರೀದಿಯ ಮಾತೇ ಬೇಡ. ಆದರೆ ಪ್ರೊಸೆಸರಿಗೇ 35 ಮಿಲಿಸೆಕೆಂಡ್ ಬೇಕಾಗಿದ್ದಲ್ಲಿ, ಅದೇ ಇಳಿಕೆಯಿಂದ ಚಿತ್ರಗಳು 25ರಿಂದ 28ಕ್ಕೆ ಏರಿ ಅಲ್ಲಿಯೇ ನಿಲ್ಲುತ್ತವೆ. ಈ ಎರಡನೆಯ ಪ್ರಸಂಗದಲ್ಲಿ ದುಬಾರಿ ಗ್ರಾಫಿಕ್ಸ್ ಕಾರ್ಡ್ ತಂದು ಹಾಕಿದರೂ ಫಲ ಅಷ್ಟೇ ಎಂಬುದು ಕೈಚೀಲ ಬಿಚ್ಚುವ ಮೊದಲೇ ತಿಳಿಯಬೇಕಾದ ಸಂಗತಿ.

ಆದುದರಿಂದ ರೆಸಲ್ಯೂಷನ್ ಬದಲಾವಣೆಯು ಔಷಧವೂ ಹೌದು, ಪರೀಕ್ಷೆಯೂ ಹೌದು. ಪರೀಕ್ಷೆಯ ಕ್ರಮ ಸರಳ. ವಿಂಡೋಸ್‌ನ ಗೇಮ್ ಬಾರ್ ಅಥವಾ ಸ್ಟೀಮ್ ತಂತ್ರಾಂಶದಲ್ಲಿ ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತಿದೆಯೆಂದು ತೋರಿಸುವ ಸೌಲಭ್ಯವಿದೆ. ಆಟದ ಒಂದೇ ಜಾಗದಲ್ಲಿ, ಬೇರಾವ ಸೆಟ್ಟಿಂಗನ್ನೂ ಮುಟ್ಟದೆ, ಮೊದಲು ಇದ್ದ ಅಳತೆಯಲ್ಲಿ ಐದು ನಿಮಿಷ ಆಡಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಅನಂತರ 1280×720ರಲ್ಲಿ ಆಡಿ ಮತ್ತೆ ಬರೆದುಕೊಳ್ಳಬೇಕು. ಎರಡು ಸಂಖ್ಯೆಗಳ ಈ ಚೀಟಿಯನ್ನು ಮಾರಾಟಗಾರರ ಮುಂದಿಟ್ಟರೆ ಮಾತುಕತೆಯ ಧಾಟಿಯೇ ಬದಲಾಗುತ್ತದೆ. ಸಂಖ್ಯೆ ಮೊದಲ ಹತ್ತು ನಿಮಿಷ ಚೆನ್ನಾಗಿದ್ದು ಆಮೇಲೆ ಕುಸಿದರೆ ಕಾರಣ ಬಹುಶಃ ಶಾಖ. ಗಿರಣಿ, ಕಾಂಡಿಮೆಂಟ್ಸ್, ಹಾರ್ಡ್‌ವೇರ್ ಅಂಗಡಿಗಳಲ್ಲಿಟ್ಟ ಯಂತ್ರದ ಫ್ಯಾನಿನಲ್ಲಿ ಎಷ್ಟು ಧೂಳು ಸೇರಿರುತ್ತದೆಂಬುದನ್ನು ತೆಗೆದು ನೋಡಿದವರೇ ಬಲ್ಲರು. ಅಲ್ಲಿ ಬೇಕಾದುದು ಬ್ರಷ್ ಮತ್ತು ಬ್ಲೋಯರ್. ಅಂತರಜಾಲದ ಮೂಲಕ ಆಡುವ ಆಟವು ಸಂಪರ್ಕದ ದೋಷದಿಂದ ಎಡವುತ್ತಿದ್ದರೂ ರೆಸಲ್ಯೂಷನ್ನಿಗೂ ಅದಕ್ಕೂ ಸಂಬಂಧವಿಲ್ಲ.

ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಚೇರಿ ಯಂತ್ರಗಳ ವಿಷಯದಲ್ಲಿ ಮತ್ತೊಂದು ಅಂಶ ಸೇರುತ್ತದೆ. ಇಂತಹ ಯಂತ್ರಗಳಲ್ಲಿ ಗ್ರಾಫಿಕ್ಸ್ ಚಿಪ್ ತನ್ನದೇ ಆದ ಮೆಮೊರಿ ಹೊಂದಿರುವುದಿಲ್ಲ; ಪ್ರೊಸೆಸರ್ ಬಳಸುವ ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಬೆಲೆ ತಗ್ಗಿಸುವ ಸಲುವಾಗಿ ಅನೇಕ ಯಂತ್ರಗಳನ್ನು ಒಂದೇ ರ‍್ಯಾಮ್ ಪಟ್ಟಿಯೊಂದಿಗೆ ಮಾರಲಾಗುತ್ತದೆ. ಡಿಡಿಆರ್4 3200 ಮಾದರಿಯ ಒಂದು ಪಟ್ಟಿಯು ಸೆಕೆಂಡಿಗೆ ಗರಿಷ್ಠ 25.6 ಗಿಗಾಬೈಟ್ ಸಾಗಿಸಿದರೆ, ಜೋಡಿಯಾಗಿ ಹಾಕಿದ ಎರಡು ಪಟ್ಟಿಗಳು 51.2 ಗಿಗಾಬೈಟ್ ಸಾಗಿಸುತ್ತವೆ. ಏಕಪಥದ ರಸ್ತೆ ದ್ವಿಪಥವಾದಂತೆ. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ತೀವ್ರವಾಗಿ ಏರಿದುದರಿಂದ ದರ ವಿಚಾರಿಸಿಯೇ ಮುಂದುವರಿಯಬೇಕು. ಆದರೂ ಹಣ ಹಾಕಲೇಬೇಕೆಂದಾದಲ್ಲಿ ಇಂತಹ ಯಂತ್ರಕ್ಕೆ ಮೊದಲು ಪರಿಶೀಲಿಸಬೇಕಾದ ಬಾಬ್ತು ಇದೇ.

ಶೇಕಡಾ 50 ಎಂದರೆ ಅರ್ಧವಲ್ಲ

ಈಚಿನ ಆಟಗಳಲ್ಲಿ ರೆಸಲ್ಯೂಷನ್ ಅಲ್ಲದೆ ರೆಂಡರ್ ಸ್ಕೇಲ್ ಎಂಬ ಇನ್ನೊಂದು ಸಾಲಿರುತ್ತದೆ. ಪರದೆಯ ಅಳತೆಯನ್ನು ಹಾಗೆಯೇ ಇಟ್ಟು, ಒಳಗಿನ ದೃಶ್ಯವನ್ನು ಮಾತ್ರ ಚಿಕ್ಕದಾಗಿ ರಚಿಸಿ ಹಿಗ್ಗಿಸುವ ವ್ಯವಸ್ಥೆಯಿದು. ಅಕ್ಷರಗಳು, ಅಂಕೆಗಳು, ನಕ್ಷೆ ಮಸುಕಾಗದಿರುವುದು ಇದರ ಲಾಭ. ಪರದೆಯ ಸಹಜ ಅಳತೆಗಿಂತ ಬೇರೆ ಅಳತೆ ಕೊಟ್ಟರೆ ಎಲ್‌ಸಿಡಿ ಮಾನಿಟರುಗಳಲ್ಲಿ ಎಲ್ಲವೂ ಸ್ವಲ್ಪ ಮಬ್ಬಾಗುತ್ತದೆ. ಹಳೆಯ ದಪ್ಪ ಟ್ಯೂಬಿನ ಮಾನಿಟರುಗಳಲ್ಲಿ ಈ ತೊಂದರೆ ಅಷ್ಟಾಗಿ ಇರಲಿಲ್ಲ. ಆದರೆ ಶೇಕಡಾವಾರು ಓದುವಾಗ ಎಚ್ಚರ ಬೇಕು. ಬಹುತೇಕ ಆಟಗಳಲ್ಲಿ ಆ ಶೇಕಡಾವಾರು ಉದ್ದಕ್ಕೂ ಅಗಲಕ್ಕೂ ಪ್ರತ್ಯೇಕವಾಗಿ ಅನ್ವಯವಾಗುತ್ತದೆ. 1920×1080ರ ಶೇಕಡಾ 75 ಎಂದರೆ 1440×810. ಚುಕ್ಕೆಗಳ ಲೆಕ್ಕದಲ್ಲಿ ಶೇಕಡಾ 56 ಮಾತ್ರ. ಶೇಕಡಾ 50 ಎಂದರೆ ಕಾಲು ಭಾಗ. ಅರ್ಧಕ್ಕಿಳಿಸಿದೆವೆಂದು ತಿಳಿದು ಕಾಲಿಗಿಳಿಸಿ, ಚಿತ್ರ ಕೆಟ್ಟಿತೆಂದು ದೂರುವವರೇ ಹೆಚ್ಚು.

ಎಎಮ್‌ಡಿ ಸಂಸ್ಥೆಯು 2021ರ ಜೂನ್‌ನಲ್ಲಿ ಎಫ್‌ಎಸ್‌ಆರ್ ಎಂಬ ತಂತ್ರವನ್ನು ಬಿಡುಗಡೆ ಮಾಡಿತು. ಇದು ಹಿಗ್ಗಿಸುವ ಕೆಲಸವನ್ನು ಜಾಣತನದಿಂದ ಮಾಡುತ್ತದೆ. ಅದರ ಕ್ವಾಲಿಟಿ ಎಂಬ ಮಟ್ಟದಲ್ಲಿ 1080 ಸಾಲಿನ ಪರದೆಗೆ ಒಳಗಡೆ 720 ಸಾಲುಗಳಷ್ಟೇ ರಚನೆಯಾಗುತ್ತವೆ. ಮೊದಲ ಆವೃತ್ತಿಗಳು ಬೇರೆ ತಯಾರಕರ ಹಳೆಯ ಚಿಪ್ಪುಗಳಲ್ಲಿಯೂ ನಡೆಯುವುದು ಸಾಧಾರಣ ಯಂತ್ರದವರಿಗೆ ಅನುಕೂಲ. ಎನ್‌ವಿಡಿಯಾದ ಡಿಎಲ್‌ಎಸ್‌ಎಸ್ ಇದೇ ಉದ್ದೇಶದ್ದಾದರೂ ಅದಕ್ಕೆ ಆ ಸಂಸ್ಥೆಯ ಆರ್‌ಟಿಎಕ್ಸ್ ಕಾರ್ಡ್ ಇರಲೇಬೇಕು.

ಕಚೇರಿಗಳಲ್ಲಿ ಇನ್ನೂ ಹೇರಳವಾಗಿರುವ 1366×768ರ ಮಾನಿಟರಿನವರಿಗೆ 1280×720ರಿಂದ ಉಳಿಯುವುದು ಶೇಕಡಾ 12ರಷ್ಟೇ. ಅವರು ನೆರಳಿನ ಗುಣಮಟ್ಟವನ್ನು ತಗ್ಗಿಸಿದರೆ ಹೆಚ್ಚು ಪ್ರಯೋಜನ.

ಯಾವುದೇ ಬದಲಾವಣೆಯನ್ನು ಆಟದ ಒಳಗಿನಿಂದಲೇ ಮಾಡಬೇಕು. ರಾತ್ರಿ ಮಗನು ವಿಂಡೋಸ್‌ನ ಅಳತೆಯನ್ನೇ ಇಳಿಸಿ ಮಲಗಿದರೆ, ಬೆಳಿಗ್ಗೆ ಅಂಗಡಿ ತೆರೆದ ಗುಮಾಸ್ತನಿಗೆ ಬಿಲ್ಲಿನ ಪರದೆಯಲ್ಲಿ ಅಕ್ಷರಗಳು ದಪ್ಪವಾಗಿ ಕಂಡು, ಕೊನೆಯ ಕಲಮುಗಳು ಅಂಚಿನಾಚೆ ಹೋಗಿರುತ್ತವೆ. ಜಿಎಸ್‌ಟಿ ಪೋರ್ಟಲ್ಲಿನ ಗುಪ್ತಪದ, ಡಿಜಿಟಲ್ ಸಹಿ, ಬ್ಯಾಂಕ್ ವ್ಯವಹಾರ ಎಲ್ಲವೂ ಇರುವ ಯಂತ್ರದಲ್ಲಿ ಎಲ್ಲಿಂದಲೋ ಇಳಿಸಿಕೊಂಡ ನಕಲಿ ಆಟಗಳನ್ನು ಹಾಕುವುದಂತೂ ಸರ್ವಥಾ ಸಲ್ಲದು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿದುದರಿಂದ ಲೆಕ್ಕಪತ್ರಕ್ಕಾಗಿ ಹೊಸ ಯಂತ್ರ ಕೊಳ್ಳಬೇಕಾಗಿ ಬಂದ ಸಂಸ್ಥೆಗಳಿವೆ. ಅಂತಹವರು ಹಳೆಯದನ್ನು ಆಟಕ್ಕೆ ಬಿಟ್ಟುಕೊಟ್ಟು, ಅದರಿಂದ ಈ ಮಾಹಿತಿಗಳನ್ನೆಲ್ಲ ಅಳಿಸಿ, 720ಕ್ಕೆ ಇಳಿಸಿ ಆಡಿಸಬಹುದು.

ಖರೀದಿಯೇ ಅನಿವಾರ್ಯವಾದರೆ

ಕಂಪ್ಯೂಟರ್ ಹಾಗೂ ಅದರ ಬಿಡಿಭಾಗಗಳಿಗೆ ಜಿಎಸ್‌ಟಿ ಶೇಕಡಾ 18. ಗೇಮಿಂಗ್ ಸೆಂಟರ್ ನಡೆಸುವ ನೋಂದಾಯಿತ ಉದ್ಯಮಿಗೆ, ರಾಜಿ ತೆರಿಗೆ ಪದ್ಧತಿಯಲ್ಲಿಲ್ಲದಿದ್ದರೆ, ಇದರ ಹೂಡುವಳಿ ತೆರಿಗೆ ಜಮೆ ದೊರೆಯುತ್ತದೆ. ಆದಾಯ ತೆರಿಗೆಯಲ್ಲಿ ಸವಕಳಿಯ ದರ ಶೇಕಡಾ 40. ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಮೊದಲ ವರ್ಷ ಅದರ ಅರ್ಧ. ಪೂರ್ಣ ದರದಲ್ಲಿ ನೂರು ರೂಪಾಯಿಯ ಯಂತ್ರವು ಮೂರು ವರ್ಷಗಳಲ್ಲಿ ಪುಸ್ತಕದಲ್ಲಿ 21 ರೂಪಾಯಿ 60 ಪೈಸೆಗೆ ಇಳಿಯುತ್ತದೆ. ಪುಸ್ತಕದಲ್ಲಿ ಸವೆದಷ್ಟು ಯಂತ್ರ ಮೇಜಿನ ಮೇಲೆ ಸವೆದಿರುವುದಿಲ್ಲ. ತೆರಿಗೆಯಲ್ಲಿ ಕಳೆಯಬಹುದೆಂಬ ಒಂದೇ ಕಾರಣಕ್ಕೆ ಕೊಂಡ ವಸ್ತುವಿಗೆ ಉಳಿದ ಹಣ ಕೈಯಿಂದಲೇ ಹೋಗುತ್ತದೆಂಬುದನ್ನು ಮಾರ್ಚ್ ತಿಂಗಳ ಗಡಿಬಿಡಿಯಲ್ಲಿ ಅನೇಕರು ಮರೆಯುತ್ತಾರೆ.

ಇನ್ನು ಮಗನ ಆಟಕ್ಕೆಂದು ಅಂಗಡಿಯ ಜಿಎಸ್‌ಟಿ ಸಂಖ್ಯೆ ಕೊಟ್ಟು ಬಿಲ್ ಮಾಡಿಸುವ ವಿಚಾರ. ಸ್ವಂತ ಉಪಯೋಗದ ಸರಕಿಗೆ ಹೂಡುವಳಿ ತೆರಿಗೆ ಜಮೆಯನ್ನು ಕೇಂದ್ರ ಜಿಎಸ್‌ಟಿ ಕಾಯಿದೆಯ 17(5) ಕಲಮು ನೇರವಾಗಿ ನಿರಾಕರಿಸುತ್ತದೆ. ಮನೆಯಲ್ಲಿರುವ ಆಟದ ಯಂತ್ರಕ್ಕೆ ವ್ಯಾಪಾರದ ಸವಕಳಿಯೂ ಸಲ್ಲದು. ಅಂತಹ ಬಿಲ್ಲು ಮನೆಯವರ ಹೆಸರಿನಲ್ಲಿರುವುದೇ ಕ್ರಮ. ಹಣ ಅಂಗಡಿಯಿಂದ ಹೋಗಿದ್ದರೆ ಮಾಲೀಕರ ಡ್ರಾಯಿಂಗ್ಸ್ ಖಾತೆಗೆ ಖರ್ಚು ಬರೆಯಬೇಕು. ಈಗಾಗಲೇ ಜಮೆ ಪಡೆದಿದ್ದಲ್ಲಿ ಮುಂದಿನ ರಿಟರ್ನಿನಲ್ಲಿ ಅದನ್ನು ಹಿಂದಿರುಗಿಸಿ, ಬಳಸಿಕೊಂಡಿದ್ದರೆ ಬಡ್ಡಿಯನ್ನೂ ಸೇರಿಸಿ ಕಟ್ಟತಕ್ಕದ್ದು.