ಗಣಕಯಂತ್ರಕ್ಕೆ ರ‍್ಯಾಮ್ ಜೋಡಿಸುವ ಮುನ್ನ

ಹಳೆಯ ಗಣಕಯಂತ್ರವು ನಿಧಾನವಾದಾಗ ಹೊಸದನ್ನು ಕೊಳ್ಳುವುದು ಗಡಿನಾಡಿನ ಶಾಲೆಗಳಿಗೆ ಸುಲಭಸಾಧ್ಯವಲ್ಲ. ಅದಕ್ಕೆ ಇನ್ನೊಂದು ರ‍್ಯಾಮ್ ಪಟ್ಟಿಯನ್ನು ಜೋಡಿಸುವುದು ಅಲ್ಪ ವೆಚ್ಚದ ಉಪಾಯ. ಪರವೂರುಗಳಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಗಳು ತಮ್ಮಲ್ಲಿ ಉಳಿದ ಪಟ್ಟಿಗಳನ್ನು ಶಾಲೆಗೆ ಕೊಡಬಯಸುವುದು ಸ್ತುತ್ಯವೇ ಸರಿ. ಆದರೆ ಆ ದಾನವು ಸಾರ್ಥಕವಾಗಬೇಕಾದರೆ ಕೆಲವು ಸಂಗತಿಗಳನ್ನು ಅರಿತಿರಬೇಕು.

ಯಂತ್ರದ ಡಿಸ್ಕು ಗ್ರಂಥಾಲಯದ ಕಪಾಟಿನಂತೆ. ರ‍್ಯಾಮ್ ಓದುವ ಮೇಜಿನಂತೆ. ಮೇಜು ದೊಡ್ಡದಾದಷ್ಟೂ ಪದೇಪದೇ ಕಪಾಟಿಗೆ ಹೋಗುವ ಶ್ರಮ ತಪ್ಪುತ್ತದೆ.

ಮೊದಲು ನೋಡಬೇಕಾದುದು ಪೀಳಿಗೆಯನ್ನು. 2007ರಲ್ಲಿ ಬಂದ ಡಿಡಿಆರ್3 ಪಟ್ಟಿಗೆ 1.5 ವೋಲ್ಟ್ ವಿದ್ಯುತ್ತು ಬೇಕು. 2014ರಲ್ಲಿ ಬಂದ ಡಿಡಿಆರ್4ಕ್ಕೆ 1.2 ವೋಲ್ಟ್ ಸಾಕು. ಇವೆರಡೂ ಒಂದೇ ಯಂತ್ರದಲ್ಲಿ ಕೂಡಿ ನಡೆಯಲಾರವು. ಆದ್ದರಿಂದಲೇ ಪಟ್ಟಿಯ ಅಂಚಿನ ಕಚ್ಚನ್ನು ಬೇರೆ ಬೇರೆ ಸ್ಥಳದಲ್ಲಿ ಕೊರೆದಿದ್ದಾರೆ. ಪಟ್ಟಿಯು ಸಲೀಸಾಗಿ ಕೂಡದಿದ್ದರೆ ಒತ್ತಾಯದಿಂದ ಅದುಮಬಾರದು. ಲ್ಯಾಪ್‌ಟಾಪಿನ ಗಿಡ್ಡ ಪಟ್ಟಿಯು ಮೇಜಿನ ಯಂತ್ರಕ್ಕೆ ಹೊಂದುವುದಿಲ್ಲ.

ಪೀಳಿಗೆ ಒಂದೇ ಆಗಿದ್ದು ವೇಗ ಬೇರೆಯಾಗಿದ್ದರೆ ಸಾಮಾನ್ಯವಾಗಿ ಯಂತ್ರವು ನಡೆಯುತ್ತದೆ. ಆದರೆ ಒಂದೇ ನೊಗಕ್ಕೆ ಹೂಡಿದ ಚುರುಕಿನ ಎತ್ತು ಮಂದ ಎತ್ತಿನ ಹೆಜ್ಜೆಗೆ ಹೊಂದಿಕೊಳ್ಳುವಂತೆ, 3200 ವೇಗದ ಪಟ್ಟಿಯು 2400ರ ಜೊತೆಗೆ 2400ರಲ್ಲಿಯೇ ನಡೆಯುವುದು. ಗಾತ್ರವೂ ಬೇರೆಯಿರಬಹುದು: 4 ಜಿಬಿಗೆ 8 ಜಿಬಿ ಕೂಡಿಸಿದರೆ 12 ಜಿಬಿ ದೊರೆಯುತ್ತದೆ. ಆದರೆ ಸಮಾನ ಗಾತ್ರದ ಜೋಡಿ ನೀಡುವ ಪೂರ್ಣ ವೇಗ ದೊರೆಯದು.

ನಿಜವಾದ ಅಪಾಯವು ಬೇರೆಯೇ ಇದೆ. ಹೊಂದಿಕೆಯಾಗದ ಜೋಡಿಯಿಂದ ಯಂತ್ರವು ಆರಂಭವೇ ಆಗದಿದ್ದರೆ ದೋಷವು ಕೂಡಲೇ ತಿಳಿಯುತ್ತದೆ. ಆರಂಭವಾಗಿ, ಒಳಗಿಂದೊಳಗೆ ತಪ್ಪು ಮಾಡುತ್ತ ಹೋದರೆ ಮಕ್ಕಳ ಅಂಕಪಟ್ಟಿಯ ಕಡತವೇ ಕೆಡಬಹುದು. ಆದಕಾರಣ ಪಟ್ಟಿ ಹಾಕುವ ಮುನ್ನ ಮುಖ್ಯ ಕಡತಗಳ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಇರಿಸಿಕೊಳ್ಳಬೇಕು. ಯಂತ್ರವನ್ನು ಆರಿಸಿ, ವಿದ್ಯುತ್ ತಂತಿಯನ್ನು ಕಿತ್ತ ಮೇಲೆಯೇ ಪಟ್ಟಿಯನ್ನು ಕೂಡಿಸಬೇಕು. ಬಳಿಕ ಮೆಮ್‌ಟೆಸ್ಟ್86 ಎಂಬ ಪರೀಕ್ಷಾ ತಂತ್ರಾಂಶವನ್ನು ರಾತ್ರಿಯಿಡೀ ನಡೆಸಬೇಕು. ಒಂದೇ ಒಂದು ತಪ್ಪು ಕಂಡರೂ ಆ ಜೋಡಿಯನ್ನು ನಂಬಬಾರದು. ಒಂದೊಂದೇ ಪಟ್ಟಿಯನ್ನಿಟ್ಟು ಪರೀಕ್ಷಿಸಬೇಕು. ಪ್ರತ್ಯೇಕವಾಗಿ ಎರಡೂ ನಿರ್ದೋಷಿಯಾಗಿದ್ದು, ಕೂಡಿದಾಗ ಮಾತ್ರ ತಪ್ಪುವುದುಂಟು.

ಹಣ ಕೊಟ್ಟು ಕೊಳ್ಳುವುದಾದರೆ ಒಂದೇ ಪೊಟ್ಟಣದಲ್ಲಿ ಬರುವ ಜೋಡಿಯೇ ಲೇಸು. ದಾನವಾಗಿ ಪಡೆಯುವುದಾದರೆ, ಪ್ರತಿ ಯಂತ್ರದ ಪಟ್ಟಿಯ ಮೇಲಿನ ಪೀಳಿಗೆ, ಗಾತ್ರ, ವೇಗಗಳನ್ನು ಶಾಲೆಯ ಡೆಡ್ ಸ್ಟಾಕ್ ರಜಿಸ್ಟರಿನಲ್ಲಿ ಬರೆದಿಡುವುದು ಉಚಿತ. ದಾನಿಗಳು ಅದನ್ನು ಕೇಳಿ ತಿಳಿದು ತಂದರೆ, ಅವರ ಕೊಡುಗೆಯು ಕಪಾಟಿನಲ್ಲಿ ಧೂಳು ತಿನ್ನದೆ ಮಕ್ಕಳ ಕಲಿಕೆಗೆ ಒದಗುವುದು.