ಹವ್ಯಾಸಿ ಛಾಯಾಗ್ರಾಹಕರ ಕೂಟ

ತಿಂಗಳಿಗೊಮ್ಮೆ, ಎರಡನೆಯ ಭಾನುವಾರದ ಸಂಜೆ, ಮೈಸೂರಿನಲ್ಲಿ ನಾವು ಹತ್ತು ಹನ್ನೆರಡು ಮಂದಿ ನಮ್ಮಲ್ಲಿ ಯಾರಾದರೊಬ್ಬರ ಮನೆಯಲ್ಲಿ ಕಲೆಯುವ ವಾಡಿಕೆ ಅನೇಕ ವರ್ಷಗಳಿಂದ ನಡೆದುಬಂದಿದೆ. ಛಾಯಾಗ್ರಹಣದಿಂದ ಜೀವನ ಸಾಗಿಸತಕ್ಕವರು ನಮ್ಮಲ್ಲಿ ಒಬ್ಬರೂ ಇಲ್ಲ. ಅಂಚೆ ಇಲಾಖೆಯಿಂದ ನಿವೃತ್ತರಾದ ರಾಯರೊಬ್ಬರು, ಪ್ರೌಢಶಾಲೆಯ ಗಣಿತದ ಮೇಷ್ಟರು, ಗಡಿಯಾರ ರಿಪೇರಿಯ ಅಂಗಡಿಯನ್ನಿಟ್ಟಿರುವ ತರುಣ, ಇಬ್ಬರು ಗೃಹಿಣಿಯರು, ಒಬ್ಬರು ದಂತವೈದ್ಯರು, ಹೀಗೆ ಬೇರೆ ಬೇರೆ ಕಸುಬಿನವರು ಈ ಒಂದು ಹುಚ್ಚಿನಿಂದಾಗಿ ಒಂದೇ ಚಾಪೆಯ ಮೇಲೆ ಕುಳಿತುಕೊಳ್ಳುತ್ತೇವೆ.

ಕೂಟಕ್ಕೆ ಹೆಸರಿಲ್ಲ, ಚಂದಾ ಇಲ್ಲ, ಅಧ್ಯಕ್ಷರಿಲ್ಲ. ನಿಯಮಗಳು ಮಾತ್ರ ಎರಡು ಉಂಟು. ಪ್ರತಿಯೊಬ್ಬರೂ ಕಾಗದದ ಮೇಲೆ ಅಚ್ಚುಹಾಕಿಸಿದ ಎರಡೇ ಚಿತ್ರಗಳನ್ನು ತರಬೇಕು. ಚಿತ್ರವನ್ನು ತೆಗೆದವರು, ಉಳಿದವರೆಲ್ಲರೂ ತಮ್ಮ ಅಭಿಪ್ರಾಯವನ್ನು ಹೇಳಿ ಮುಗಿಸುವವರೆಗೆ, ಬಾಯಿ ತೆರೆಯಕೂಡದು.

ಮೊದಲನೆಯ ನಿಯಮವು ಸುಲಭವೆಂದು ವಾಚಕರು ಎಣಿಸಬಹುದು. ಮೊಬೈಲು ಕೈಗೆ ಬಂದಮೇಲೆ ಒಂದು ನಾಮಕರಣಕ್ಕೆ ನಾನೂರು ಚಿತ್ರಗಳನ್ನು ತೆಗೆಯುವುದು ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿದೆ. ಆ ನಾನೂರರಲ್ಲಿ ಎರಡನ್ನು ಆರಿಸಿರೆಂದರೆ ಎಂಥವರಿಗೂ ಬೆವರಿಳಿಯುತ್ತದೆ. ಎರಡನೆಯ ನಿಯಮವಂತೂ ಇನ್ನೂ ಕಠಿಣ. "ಈ ಬೆಟ್ಟವನ್ನು ಹತ್ತುವುದಕ್ಕೆ ಬೆಳಗಿನ ನಾಲ್ಕು ಗಂಟೆಗೆ ಎದ್ದೆವು" ಎಂಬ ಮಾತು ನಾಲಗೆಯ ತುದಿಯಲ್ಲಿ ಕುಣಿಯುತ್ತಿರುತ್ತದೆ. ಆದರೆ ನಾಲ್ಕು ಗಂಟೆಗೆ ಎದ್ದ ಶ್ರಮವು ಚಿತ್ರದಲ್ಲಿ ಕಾಣದಿದ್ದರೆ, ನೋಡುವವನು ಅದಕ್ಕೇಕೆ ಮರುಗಬೇಕು? ಹತ್ತು ನಿಮಿಷ ಸುಮ್ಮನೆ ಕುಳಿತು, ನಮ್ಮ ಚಿತ್ರದಲ್ಲಿ ಇತರರಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲವೆಂಬುದನ್ನು ಕೇಳಿಸಿಕೊಳ್ಳುವುದು ಯಾವ ಪುಸ್ತಕವೂ ಕಲಿಸದ ಪಾಠ.

ಹೊಸದಾಗಿ ಬಂದವರು ಕೇಳುವ ಮೊದಲನೆಯ ಪ್ರಶ್ನೆ ಎಂದಿಗೂ ಬದಲಾದುದಿಲ್ಲ: ಯಾವ ಲೆನ್ಸನ್ನು ಕೊಳ್ಳಬೇಕು? ಕೆಲವು ತಿಂಗಳ ಹಿಂದೆ ಒಬ್ಬ ತರುಣ ಇಂಜಿನಿಯರರು ತಮ್ಮ ಪತ್ನಿಯ ಚಿತ್ರವನ್ನು ತಂದಿದ್ದರು. ಮೊಬೈಲಿನಲ್ಲಿ ತೀರ ಹತ್ತಿರದಿಂದ ತೆಗೆದದ್ದು. "ನನ್ನ ಮೂಗು ಇಷ್ಟು ದಪ್ಪವೇ ಎಂದು ಕೇಳಿ, ಮನೆಯಲ್ಲಿ ಎರಡು ದಿನ ಮಾತಿಲ್ಲ, ಸಾರ್. ಒಳ್ಳೆಯ ಲೆನ್ಸು ಯಾವುದೆಂದು ಹೇಳಿ" ಎಂದು ಅಂಗಲಾಚಿದರು. ರಾಯರು ನಕ್ಕು, "ಮೊದಲು ಎಲ್ಲಿ ನಿಲ್ಲಬೇಕೆಂಬುದನ್ನು ಗೊತ್ತುಮಾಡಿಕೊಳ್ಳಿ, ಸ್ವಾಮಿ; ಲೆನ್ಸಿನ ಮಾತು ಆಮೇಲೆ" ಎಂದರು.

ಗಣಿತದ ಮೇಷ್ಟರು ಒಂದು ಅಡಿಪಟ್ಟಿಯನ್ನು ತರಿಸಿ ವಿಷಯವನ್ನು ವಿಶದಪಡಿಸಿದರು. ಕ್ಯಾಮರಾವನ್ನು ಮೂಗಿನಿಂದ 12 ಅಂಗುಲ ದೂರದಲ್ಲಿ ಹಿಡಿದರೆ ಕಿವಿಯು ಸುಮಾರು 17 ಅಂಗುಲ ದೂರದಲ್ಲಿರುತ್ತದೆ. ದೂರದ ವಸ್ತು ಚಿಕ್ಕದಾಗಿಯೂ ಹತ್ತಿರದ ವಸ್ತು ದೊಡ್ಡದಾಗಿಯೂ ಕಾಣುವುದು ಸಹಜವಾದುದರಿಂದ, ಕಿವಿಗೆ ಹೋಲಿಸಿದರೆ ಮೂಗು ಇರಬೇಕಾದುದಕ್ಕಿಂತ ಸುಮಾರು 1.4 ಪಟ್ಟು ದೊಡ್ಡದಾಗಿ ಬರುತ್ತದೆ. ಅದೇ ಮುಖವನ್ನು ಆರು ಅಡಿ, ಎಂದರೆ 72 ಅಂಗುಲ, ದೂರದಿಂದ ತೆಗೆದರೆ ಮೂಗಿಗೆ 72, ಕಿವಿಗೆ 77. ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಆದುದರಿಂದ ಮೂಗನ್ನು ದಪ್ಪಮಾಡಿದುದು ಲೆನ್ಸಲ್ಲ, ನಿಂತ ಜಾಗ. ಮೊಬೈಲಿನ ಮುಖ್ಯ ಲೆನ್ಸು ಅಗಲವಾದ ನೋಟದ್ದು. ಮುಖವನ್ನು ದೊಡ್ಡದಾಗಿ ತುಂಬಿಸಬೇಕೆಂದು ಅದು ನಮ್ಮನ್ನು ಹತ್ತಿರಕ್ಕೆ ಎಳೆಯುತ್ತದೆ. 85 ಅಥವಾ 105 ಮಿಲಿಮೀಟರಿನ ಲೆನ್ಸು ಭಾವಚಿತ್ರಕ್ಕೆ ಯೋಗ್ಯವೆಂದು ತಿಳಿದವರು ಹೇಳುವುದರ ಗುಟ್ಟೂ ಇಷ್ಟೆ: ಐದಾರು ಅಡಿ ದೂರ ನಿಂತರೂ ಮುಖವು ಚೌಕಟ್ಟನ್ನು ತುಂಬುತ್ತದೆ. ಇಂಜಿನಿಯರರು ಹೊಸ ಲೆನ್ಸನ್ನು ಕೊಳ್ಳಲಿಲ್ಲ. ಮುಂದಿನ ತಿಂಗಳು ನಾಲ್ಕು ಹೆಜ್ಜೆ ಹಿಂದೆ ಸರಿದು ತೆಗೆದು, ಬೇಕಾದಷ್ಟು ಭಾಗವನ್ನು ಕತ್ತರಿಸಿಕೊಂಡ ಚಿತ್ರವನ್ನು ತಂದರು. ಜೊತೆಗೆ ಪತ್ನಿಯವರೂ ಬಂದಿದ್ದರು.

ಒಂದೇ ಲೆನ್ಸನ್ನು ಕೊಳ್ಳುವ ಶಕ್ತಿಯುಳ್ಳ ಗೃಹಸ್ಥರಿಗೆ ನಮ್ಮ ಸಲಹೆ 50 ಮಿಲಿಮೀಟರಿನದೆ. 1925ರಲ್ಲಿ ಜರ್ಮನಿಯ ಲೈಕಾ ಕ್ಯಾಮರಾ ಪೇಟೆಗೆ ಬಂದಾಗ ಅದರಲ್ಲಿದ್ದುದು ಈ ಅಳತೆಯ ಲೆನ್ಸು. 24ಕ್ಕೆ 36 ಮಿಲಿಮೀಟರಿನ ಆ ಚಿಕ್ಕ ಫಿಲ್ಮಿನ ಚೌಕಟ್ಟಿಗೆ ಇದು ಅಗಲವೂ ಅಲ್ಲದ, ಕಿರಿದೂ ಅಲ್ಲದ ನೋಟವನ್ನು ಕೊಡುತ್ತದೆ. ಚಿಕ್ಕ ಸೆನ್ಸರಿನ ಕ್ಯಾಮರಾ ಉಳ್ಳವರು 35 ಮಿಲಿಮೀಟರಿನದನ್ನು ಕೊಂಡರೆ ಹೆಚ್ಚುಕಡಿಮೆ ಅದೇ ನೋಟ ದೊರೆಯುತ್ತದೆ. ಇಕ್ಕಟ್ಟಾದ ದೇವರಮನೆಯಲ್ಲಿಯೋ ಅಡಿಗೆಮನೆಯಲ್ಲಿಯೋ ಅಗಲ ನೋಟದ ಲೆನ್ಸು ಬೇಕಾಗಬಹುದು. ಆಗ ಮನುಷ್ಯರನ್ನು ಚೌಕಟ್ಟಿನ ಅಂಚಿಗೆ ನಿಲ್ಲಿಸದಿದ್ದರೆ ಸಾಕು, ಅಂಚಿನಲ್ಲಿದ್ದವರ ತಲೆ ಕುಂಬಳಕಾಯಿಯಂತೆ ಎಳೆದುಕೊಳ್ಳುತ್ತದೆ.

ಲೆನ್ಸಿನ ಕಿಂಡಿಯ ಅಂಕೆಗಳು ಅನೇಕರನ್ನು ಹೆದರಿಸುತ್ತವೆ. ಅಂಕೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು, 8, 5.6, 4, 2.8, 2 ಎಂದು ಇಳಿಯುತ್ತ ಬಂದಂತೆ ಪ್ರತಿ ಮೆಟ್ಟಿಲಿಗೂ ಬೆಳಕು ಎರಡರಷ್ಟಾಗುತ್ತದೆ. ಹಾಗಾಗಿ 8ರಿಂದ 2ಕ್ಕೆ ಬಂದರೆ ಹದಿನಾರರಷ್ಟು ಬೆಳಕು ಒಳಗೆ ಬಂತು. ಕತ್ತಲೆಯ ಅಡಿಗೆಮನೆಯಲ್ಲಿ ಫ್ಲಾಷಿನ ಹಂಗಿಲ್ಲದೆ ಚಿತ್ರ ತೆಗೆಯಲು ಇದೇ ಆಧಾರ. ಆದರೆ ಕಿಂಡಿ ಹಿರಿದಾದಂತೆ ಸ್ಪಷ್ಟವಾಗಿ ಮೂಡುವ ಆಳವು ಕಿರಿದಾಗುತ್ತದೆ. ಕಣ್ಣು ಸ್ಪಷ್ಟವಾದರೆ ಕಿವಿ ಮಸುಕು. ನಾಲ್ಕು ಸಾಲು ಬಂಧುಬಳಗವನ್ನು ನಿಲ್ಲಿಸಿ 2ರಲ್ಲಿ ತೆಗೆದು, ಹಿಂದಿನ ಸಾಲಿನ ಸೋದರತ್ತೆಯವರ ಕೋಪಕ್ಕೆ ಗುರಿಯಾದವರು ನಮ್ಮ ಕೂಟದಲ್ಲಿಯೇ ಇದ್ದಾರೆ.

ಮದುವೆಯ ಚಿತ್ರಗಳಲ್ಲಿ ಇನ್ನೊಂದು ತೊಡಕುಂಟು. ಕ್ಯಾಮರಾದ ಬೆಳಕಿನ ಮಾಪಕವು ತನ್ನೆದುರಿಗೆ ಬಂದುದನ್ನೆಲ್ಲ ನಡುಬಣ್ಣದ ಬೂದಿಯೆಂದೇ ಭಾವಿಸಿ ಲೆಕ್ಕಹಾಕುತ್ತದೆ. ಅದರ ಮಾತನ್ನೇ ನಂಬಿದರೆ ಮಲ್ಲಿಗೆಯ ದಂಡೆಯೂ ಧಾರೆಯ ಪಂಚೆಯೂ ಮಾಸಿದಂತೆ ಕಾಣುತ್ತವೆ. ಒಂದು ಮೆಟ್ಟಿಲು ಬೆಳಕನ್ನು ಹೆಚ್ಚಿಸಿ ತೆಗೆದರೆ ಬಿಳುಪು ಬಿಳುಪಾಗಿಯೇ ಬರುತ್ತದೆ. ಹಳೇಬೀಡಿನ ಕಪ್ಪು ಕಲ್ಲಿನ ಮುಂದೆ ಇದಕ್ಕೆ ವಿರುದ್ಧವಾಗಿ ಬೆಳಕನ್ನು ತಗ್ಗಿಸಬೇಕು. ಮುಖದ ವಿಷಯದಲ್ಲಿಯೂ ಇದೇ ವಿವೇಕ ಬೇಕು. ಕಪ್ಪು ಮೈಬಣ್ಣದವರನ್ನು ಬೆಳ್ಳಗೆ ಮಾಡಿಕೊಡುವ ಚಾಳಿ ಹಲವು ಕಡೆ ಬೇರೂರಿದೆ. ಅದು ಉಪಕಾರವೆಂದು ಭಾವಿಸುವವರೂ ಇದ್ದಾರೆ. ನಮಗೆ ಮಾತ್ರ ಅದು ಇನ್ನೊಬ್ಬರ ಮುಖವನ್ನು ಕದ್ದಂತೆ ತೋರುತ್ತದೆ.

ಹೀಗೆ ಚಿತ್ರಗಳನ್ನು ಒಬ್ಬರಿಗೊಬ್ಬರು ತೋರಿಸಿ ಗುಣದೋಷಗಳನ್ನು ಚರ್ಚಿಸುವ ಪದ್ಧತಿಯು ನಮ್ಮ ಕಲ್ಪನೆಯೇನೂ ಅಲ್ಲ. ಛಾಯಾಚಿತ್ರವು 1839ರಲ್ಲಿ ಜಗತ್ತಿಗೆ ಪ್ರಕಟವಾದ ಹದಿನೈದೇ ವರ್ಷಗಳಲ್ಲಿ, ಎಂದರೆ 1854ರಲ್ಲಿ, ಮುಂಬಯಿಯಲ್ಲಿ ಛಾಯಾಗ್ರಾಹಕರ ಸಂಘವು ಹುಟ್ಟಿತು. 1856ರಲ್ಲಿ ಕಲ್ಕತ್ತೆ ಮತ್ತು ಮದರಾಸುಗಳಲ್ಲಿಯೂ ಸಂಘಗಳಾದವು. ಕಲ್ಕತ್ತೆಯ ಸಂಘಕ್ಕೆ ವಿದ್ವಾಂಸರಾದ ರಾಜೇಂದ್ರಲಾಲ ಮಿತ್ರರು ಖಜಾಂಚಿಯಾಗಿದ್ದರು. ನೀಲಿ ತೋಟಗಳ ಯೂರೋಪಿಯನ್ ಮಾಲಿಕರ ದಬ್ಬಾಳಿಕೆಯನ್ನು ಭಾಷಣವೊಂದರಲ್ಲಿ ಖಂಡಿಸಿದರೆಂದು 1857ರಲ್ಲಿ ಅವರನ್ನು ಸಂಘದಿಂದ ಹೊರಹಾಕಲಾಯಿತು. ಚಿತ್ರದ ದೋಷವನ್ನು ಹೇಳಿದರೆ ಸಹಿಸುವ ಜನರೂ ತಮ್ಮ ದೋಷವನ್ನು ಹೇಳಿದರೆ ಸಹಿಸರೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನಮ್ಮ ನಾಡಿನ ಮಟ್ಟಿಗೆ ಹೇಳುವುದಾದರೆ, ಬೆಂಗಳೂರಿನಲ್ಲಿದ್ದ ಸೈನ್ಯಾಧಿಕಾರಿ ಲಿನಿಯಸ್ ಟ್ರೈಪ್ ಎಂಬಾತನನ್ನು ಮರೆಯುವಂತಿಲ್ಲ. ಆಗ ಆತನೂ ನಮ್ಮಂತೆಯೇ ಹವ್ಯಾಸಿ. 1854ರ ಡಿಸೆಂಬರಿನಲ್ಲಿ ಬೇಲೂರು, ಹಳೇಬೀಡು, ಶ್ರವಣಬೆಳಗೊಳಗಳಿಗೆ ಭಾರಿ ಕ್ಯಾಮರಾವನ್ನು ಹೊತ್ತುಕೊಂಡು ಹೋಗಿ ಕಾಗದದ ನೆಗೆಟಿವುಗಳ ಮೇಲೆ ಚಿತ್ರಗಳನ್ನು ತೆಗೆದನು. ಮರುವರ್ಷ ಮದರಾಸಿನ ಪ್ರದರ್ಶನದಲ್ಲಿ 68 ಚಿತ್ರಗಳನ್ನು ಜನರ ಮುಂದಿಟ್ಟು ತೀರ್ಪುಗಾರರ ಮೆಚ್ಚುಗೆಯನ್ನು ಪಡೆದನು. ಆ ಕಾಲದ ಕಾಗದಕ್ಕೆ ಆಕಾಶದ ನೀಲಿಯು ಅತಿಯಾಗಿ ತಾಕಿ ಆಕಾಶವೆಲ್ಲ ಬರಿದಾಗುತ್ತಿತ್ತು. ಟ್ರೈಪನು ಎಷ್ಟೋ ನೆಗೆಟಿವುಗಳ ಮೇಲೆ ಮೋಡಗಳನ್ನು ಕೈಯಿಂದಲೇ ಬರೆದುಬಿಟ್ಟನು. ಇದು ತಪ್ಪೋ ಸರಿಯೋ ಎಂದು ನಮ್ಮ ಕೂಟದಲ್ಲಿ ಒಂದು ಸಂಜೆಯೆಲ್ಲ ವಾದ ನಡೆದು, ಕಾಫಿ ಆರಿಹೋಗಿ, ತೀರ್ಮಾನವಿಲ್ಲದೆ ಎದ್ದೆವು.

ಸ್ವಾತಂತ್ರ್ಯಾನಂತರ 1953ರಲ್ಲಿ ಸ್ಥಾಪಿತವಾದ ಭಾರತೀಯ ಛಾಯಾಗ್ರಹಣ ಒಕ್ಕೂಟಕ್ಕೆ ದುಡಿದವರಲ್ಲಿ ಬೆಂಗಳೂರಿನ ಡಾ. ಜಿ. ಥಾಮಸ್ ಅವರು ಪ್ರಮುಖರು. 1971ರಲ್ಲಿ ಅದೇ ಊರಿನಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಆರಂಭವಾಯಿತು. ಕಾಡುಪ್ರಾಣಿಗಳನ್ನು ಚಿತ್ರಿಸಿದ ಸಂಡೂರಿನ ಎಂ. ವೈ. ಘೋರ್ಪಡೆಯವರು, ಹಕ್ಕಿಗಳಿಗಾಗಿ ಕಾದು ಕುಳಿತ ಟಿ. ಎನ್. ಎ. ಪೆರುಮಾಳ್ ಅವರು, ಮೂಡಿಗೆರೆಯ ತೋಟದಲ್ಲಿ ಕ್ಯಾಮರಾ ಹಿಡಿದು ಅಲೆದ ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ನಾಡಿನ ಎಷ್ಟೋ ತರುಣರಿಗೆ ಹಕ್ಕಿಯ ಹುಚ್ಚನ್ನು ಹಿಡಿಸಿದರು. ಆ ಹುಚ್ಚು ಹಿಡಿದವರಲ್ಲಿ ನಾವೂ ಒಬ್ಬರು.

ಇನ್ನು ನಮ್ಮ ಸ್ವಂತ ವಿಷಯಕ್ಕೆ ಬರುತ್ತೇವೆ. 1992ರಲ್ಲಿ, ಮನೆಯವರಿಗೆ ಪೂರ್ತಿ ಬೆಲೆಯನ್ನು ಹೇಳದೆ, 400 ಮಿಲಿಮೀಟರಿನ ಹಳೆಯದೊಂದು ಲೆನ್ಸನ್ನು ಕೊಂಡೆವು. ಅಂದಿನಿಂದ ಕುಕ್ಕರಹಳ್ಳಿಯ ಕೆರೆ, ರಂಗನತಿಟ್ಟು ಎಂದು ರಜೆಯ ದಿನಗಳೆಲ್ಲ ಕಳೆದವು. ದೂರದ ಕೊಕ್ಕರೆಯ ಕಣ್ಣಿನ ಹೊಳಪನ್ನು ಹಿಡಿಯುವುದೇ ಪರಮ ಸಾಧನೆಯೆನಿಸಿತ್ತು. ಅಷ್ಟು ಉದ್ದದ ಲೆನ್ಸನ್ನು ಕೈಯಲ್ಲಿ ಹಿಡಿದರೆ ಷಟರಿನ ವೇಗವು ಸೆಕೆಂಡಿನ ನಾನೂರನೆಯ ಒಂದು ಭಾಗಕ್ಕಿಂತ ನಿಧಾನವಾಗಬಾರದು, ಇಲ್ಲವೆ ಕೈನಡುಕವು ಚಿತ್ರದಲ್ಲಿ ಕಾಣುತ್ತದೆ, ಎಂಬುದನ್ನು ಹೊಸಬರಿಗೆ ಬೋಧಿಸುವುದರಲ್ಲಿ ನಾವು ಬಹಳ ಉತ್ಸಾಹಿಗಳಾಗಿದ್ದೆವು.

1996ರ ಡಿಸೆಂಬರಿನ ಕೂಟ ನಮ್ಮ ಮನೆಯಲ್ಲಿ ನಡೆಯಿತು. ನಮ್ಮ ತಂದೆಯವರು, ಬೇಡವೆಂದರೂ ಕೇಳದೆ, ಎಲ್ಲರಿಗೂ ತಾವೇ ಕಾಫಿಯನ್ನು ತಂದುಕೊಟ್ಟರು. ನಮ್ಮ ಗೃಹಿಣಿ ಸದಸ್ಯರಲ್ಲಿ ಹಿರಿಯರಾದವರ ಮಡಿಲಲ್ಲಿ ಕ್ಯಾಮರಾ ಇತ್ತು. ಅವರು ಎತ್ತಿ, ಒಂದೇ ಒಂದು ಚಿತ್ರವನ್ನು ತೆಗೆದು, ಮತ್ತೆ ಮಡಿಲಲ್ಲಿಟ್ಟುಕೊಂಡರು. ಮುಂದಿನ ತಿಂಗಳು ಆ ಚಿತ್ರವನ್ನು ಕೂಟಕ್ಕೆ ತಂದರು. ಕಿಟಕಿಯ ಬೆಳಕಿನಲ್ಲಿ, ತಟ್ಟೆಯನ್ನು ಎರಡು ಕೈಗಳಿಂದ ಹಿಡಿದು, ಯಾರ ಕಡೆಗೋ ನಗುತ್ತ ಬಾಗಿರುವ ತಂದೆಯವರು. ನಿಯಮದ ಪ್ರಕಾರ ಆಕೆ ಸುಮ್ಮನಿದ್ದರು. ನಾವು ಮಾತನಾಡಿದೆವು. ತಟ್ಟೆಯ ಅಂಚು ಚೌಕಟ್ಟಿನಿಂದ ಹೊರಗೆ ಹೋಗಿದೆ, ಬಲಗಡೆಯ ಬಾಗಿಲಪರದೆ ಕಣ್ಣನ್ನು ಸೆಳೆಯುತ್ತದೆ, ಕೈ ಕೊಂಚ ಅಲುಗಿ ಮಸುಕಾಗಿದೆ, ಎರಡು ಅಂಗುಲ ಕತ್ತರಿಸಿದರೆ ಉತ್ತಮ. ಹೇಳಿದುದೆಲ್ಲವೂ ನಿಜವೇ ಆಗಿತ್ತು.

2003ರ ಆಷಾಢದಲ್ಲಿ ತಂದೆಯವರು ತೀರಿಕೊಂಡರು. ಹನ್ನೊಂದನೆಯ ದಿನದ ಹೊತ್ತಿಗೆ ಗೋಡೆಗೆ ಹಾಕಲು ಒಂದು ಭಾವಚಿತ್ರ ಬೇಕೆಂದು ತಾಯಿಯವರು ಕೇಳಿದರು. ಪೆಟ್ಟಿಗೆಗಳನ್ನು ತೆರೆದೆವು. ಕೊಕ್ಕರೆಗಳಿದ್ದವು, ಮಿಂಚುಳ್ಳಿಗಳಿದ್ದವು, ನೀರುಕಾಗೆಗಳಿದ್ದವು, ಸಾವಿರಾರು. ತಂದೆಯವರು ತಂಗಿಯ ಮದುವೆಯ ಗುಂಪಿನಲ್ಲಿ ಮೂರನೆಯ ಸಾಲಿನಲ್ಲಿದ್ದರು, ಮುಖ ಕಡಲೆಬೇಳೆಯಷ್ಟು. ದೊಡ್ಡದು ಮಾಡಿಸಿದರೆ ಕಣ್ಣಿನ ಬದಲು ಎರಡು ಕಪ್ಪು ಚುಕ್ಕೆಗಳು. ಹನ್ನೊಂದು ವರ್ಷ ಒಂದೇ ಸೂರಿನಡಿಯಲ್ಲಿ ಕ್ಯಾಮರಾ ಇಟ್ಟುಕೊಂಡಿದ್ದ ಮಗ, ತಾಯಿಗೆ ಏನು ಹೇಳಬೇಕು?

ಆ ಹಿರಿಯ ಗೃಹಿಣಿಯವರು ಮಾತನಾಡಿಸಲು ಬಂದಾಗ ನಾವು ಸಂಕೋಚದಿಂದಲೇ ಆ ಹಳೆಯ ಚಿತ್ರದ ವಿಷಯವನ್ನು ಎತ್ತಿದೆವು. "ಇದೆಯಪ್ಪ, ಎಲ್ಲಿ ಹೋಗುತ್ತೆ" ಎಂದರು. ಮರುದಿನ ಅವರ ಮಗ ನೆಗೆಟಿವನ್ನು ತಂದುಕೊಟ್ಟ. ತೆಳುಕಾಗದದ ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ, 50 ಮಿ.ಮೀ., ಕಿಂಡಿ 2, ಮೂವತ್ತರ ಒಂದು, ಕಿಟಕಿ, ಎಂದು ಬರೆದಿತ್ತು. ಅದರ ಕೆಳಗೆ ನಾವು ಹೇಳಿದ ದೋಷಗಳನ್ನೂ ಆಕೆ ಒಂದೊಂದಾಗಿ ಗುರುತುಹಾಕಿಕೊಂಡಿದ್ದರು. ಗಡಿಯಾರದ ಅಂಗಡಿಯ ತರುಣ ರಾತ್ರಿಯೆಲ್ಲ ತನ್ನ ಡಾರ್ಕ್‌ರೂಮಿನಲ್ಲಿ ಕುಳಿತು ದೊಡ್ಡ ಪ್ರಿಂಟನ್ನು ಮಾಡಿಕೊಟ್ಟ. "ಎರಡು ಅಂಗುಲ ಕತ್ತರಿಸಲೇ, ಅಣ್ಣ?" ಎಂದು ಕೇಳಿದ. ಬೇಡವೆಂದೆವು. ಆ ಪರದೆಯನ್ನು ತಾಯಿಯವರೇ ಹೊಲಿದದ್ದು.

ಆ 400 ಮಿಲಿಮೀಟರಿನ ಲೆನ್ಸನ್ನು ನಾವು ಮಾರಲಿಲ್ಲ. ಹಕ್ಕಿಗಳ ಮೇಲಿನ ಪ್ರೀತಿ ಹೋಗಿಲ್ಲ. ಆದರೆ ಈಗ ಕ್ಯಾಮರಾದ ಮೇಲೆ ಸಾಮಾನ್ಯವಾಗಿ ಇರುವುದು 50ರದು, ಅದೂ ಚೀಲದಲ್ಲಲ್ಲ, ನಡುಮನೆಯ ಗೂಡಿನಲ್ಲಿ. ಹೋದ ತಿಂಗಳ ಕೂಟಕ್ಕೆ ತಾಯಿಯವರು ಹುರುಳಿಕಾಯಿಯ ನಾರು ತೆಗೆಯುತ್ತಿರುವ ಚಿತ್ರವನ್ನು ಒಯ್ದಿದ್ದೆವು. ಹಿನ್ನೆಲೆಯಲ್ಲಿ ಸ್ವಿಚ್ಚುಹಲಗೆ ಕಾಣುತ್ತದೆಂದು ಎಲ್ಲರೂ ಒಮ್ಮತದಿಂದ ತೆಗಳಿದರು. ಬರೆದಿಟ್ಟುಕೊಂಡಿದ್ದೇವೆ.