ಗೌರವವೂ ಚಿಕಿತ್ಸೆಯ ಅಂಗ

ಎಚ್.ಐ.ವಿ. ಸೋಂಕಿತರಿಗೆ ಉಚಿತವಾಗಿ ಎ.ಆರ್.ಟಿ. ಔಷಧಿ ನೀಡುವ ಕಾರ್ಯಕ್ರಮವು ಭಾರತದಲ್ಲಿ 2004ರಲ್ಲಿ ಆರಂಭವಾಯಿತು. ಈ ಔಷಧಿಯನ್ನು ಪ್ರತಿದಿನವೂ ತಪ್ಪದೆ ಸೇವಿಸಿದಲ್ಲಿ ರಕ್ತದಲ್ಲಿನ ವೈರಾಣುಗಳು ಪರೀಕ್ಷೆಗೆ ಸಿಗದಷ್ಟು ಇಳಿಯುತ್ತವೆ. ಆ ಸ್ಥಿತಿ ಇರುವವರೆಗೆ ಲೈಂಗಿಕ ಸಂಪರ್ಕದಿಂದ ಸೋಂಕು ಹರಡುವುದಿಲ್ಲ. ಆದರೆ ಹುಟ್ಟಿನಲ್ಲಿ ಗಂಡೆಂದು ಗುರುತಿಸಲ್ಪಟ್ಟು ಹೆಣ್ಣಾಗಿ ಬಾಳುವ ಲಿಂಗಪರಿವರ್ತಿತ ಮಹಿಳೆಯರು ಹಲವು ವೇಳೆ ಆಸ್ಪತ್ರೆಯಲ್ಲಿನ ಅಪಹಾಸ್ಯಕ್ಕೆ ಅಂಜಿ ಚಿಕಿತ್ಸೆಯಿಂದ ದೂರ ಉಳಿಯುತ್ತಾರೆ. ಆದ್ದರಿಂದ ಆರೋಗ್ಯ ಸಿಬ್ಬಂದಿಗೆ ಸೂಕ್ತ ತರಬೇತಿ ಅತ್ಯವಶ್ಯಕ.

ಈ ತರಬೇತಿಯು ವೈದ್ಯರಿಗಷ್ಟೇ ಸೀಮಿತವಾಗಬಾರದು. ದಾದಿಯರು, ಆಪ್ತಸಮಾಲೋಚಕರು, ಚೀಟಿ ಬರೆಯುವ ಗುಮಾಸ್ತರು, ಕಾವಲುಗಾರರು ಎಲ್ಲರಿಗೂ ಅದು ದೊರೆಯಬೇಕು. ಆಕೆ ಬಯಸುವ ಹೆಸರಿನಿಂದಲೇ ಕರೆಯುವುದು, ಚಿಕಿತ್ಸೆಗೆ ಸಂಬಂಧಿಸದ ಪ್ರಶ್ನೆಗಳನ್ನು ಕೇಳದಿರುವುದು, ಗೋಪ್ಯತೆಯನ್ನು ಕಾಪಾಡುವುದು ಇದರ ಮೊದಲ ಪಾಠ.

ಹಾರ್ಮೋನುಗಳ ತಿಳಿವಳಿಕೆಯೂ ಅಷ್ಟೇ ಮುಖ್ಯ. ಲಿಂಗಪರಿವರ್ತಿತ ಮಹಿಳೆಯರಲ್ಲಿ ಹಲವರು ಈಸ್ಟ್ರೋಜನ್ ಸೇವಿಸುತ್ತಾರೆ. ಎಚ್.ಐ.ವಿ. ಔಷಧಿಯಿಂದ ಅದರ ಪರಿಣಾಮ ಕುಂದೀತೆಂಬ ಶಂಕೆಯಿಂದ ಔಷಧಿಯನ್ನೇ ಬಿಡುವವರುಂಟು. ಇಂದು ಮೊದಲ ಹಂತದಲ್ಲಿ ನೀಡಲಾಗುವ ಡೊಲುಟೆಗ್ರಾವಿರ್ ಔಷಧಿಯಿಂದ ಅಂತಹ ಗಣನೀಯ ತೊಡಕಿಲ್ಲ. ವೈದ್ಯರ ಮೇಲ್ವಿಚಾರಣೆಯಲ್ಲಿ ಎರಡನ್ನೂ ಸೇವಿಸಬಹುದು. ಇದನ್ನು ಅರಿತ ವೈದ್ಯರು ಮಾತ್ರವೇ ರೋಗಿಯ ಶಂಕೆಯನ್ನು ನಿವಾರಿಸಬಲ್ಲರು.

ಎಚ್.ಐ.ವಿ. ಮತ್ತು ಏಡ್ಸ್ ಕುರಿತ 2017ರ ಅಧಿನಿಯಮವು ಸೋಂಕಿತರ ವಿರುದ್ಧ ತಾರತಮ್ಯವನ್ನು ನಿಷೇಧಿಸಿದೆ. ಲಿಂಗಪರಿವರ್ತಿತ ವ್ಯಕ್ತಿಗಳ ಹಕ್ಕುಗಳನ್ನು ಕುರಿತ 2019ರ ಅಧಿನಿಯಮವು ಅವರ ಆರೋಗ್ಯ ಸಮಸ್ಯೆಗಳಿಗೆ ಅನುಗುಣವಾಗಿ ವೈದ್ಯಕೀಯ ಪಠ್ಯಕ್ರಮವನ್ನು ಪುನರ್ವಿಮರ್ಶಿಸಬೇಕೆಂದು ವಿಧಿಸಿತು. ಈ ಆಶಯಗಳು ಆಸ್ಪತ್ರೆಯ ಬಾಗಿಲಲ್ಲೇ ಕಾರ್ಯರೂಪಕ್ಕೆ ಬರಬೇಕು. ಹೆಚ್ಚಿನ ಮಾಹಿತಿಗಾಗಿ ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097ಕ್ಕೆ ಉಚಿತವಾಗಿ ಕರೆ ಮಾಡಬಹುದು.